ಕರಪತ್ರದ ರಾತ್ರಿ

ರೋಸಾ ಪಾರ್ಕ್ಸ್ ಎಂದೊಡನೆ ದಣಿದು ಕುಳಿತ ದರ್ಜಿಯ ಚಿತ್ರವನ್ನೇ ನಾವು ಮುಂದಿಡುತ್ತೇವೆ. ನನಗೆ ಮಾತ್ರ ಆ ರಾತ್ರಿ ನಿದ್ದೆಗೆಟ್ಟ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ಹೆಚ್ಚು ಕಾಡುತ್ತಾರೆ. 1955ರ ಡಿಸೆಂಬರ್ 1ರಂದು ಅಮೆರಿಕದ ಮಾಂಟ್ಗೊಮರಿಯಲ್ಲಿ ಪಾರ್ಕ್ಸ್ ಬಂಧನವಾದೊಡನೆ, ನೌಕರಿಯ ಹಂಗನ್ನೂ ತೊರೆದು, ಬಸ್ ಹತ್ತಬೇಡಿರೆಂದು ಕಾಲೇಜಿನ ಯಂತ್ರದಲ್ಲೇ ಸಾವಿರಾರು ಕರಪತ್ರ ತೆಗೆದವರು ಅವರು. ಪ್ರಯಾಣಿಕರಲ್ಲಿ ಮುಕ್ಕಾಲು ಪಾಲು ಕಪ್ಪು ಜನರೇ ಎಂಬುದು ಅವರಿಗೆ ಗೊತ್ತಿತ್ತು. ಅಹಿಂಸೆಗೂ ಲೆಕ್ಕಾಚಾರ ಬೇಕೆಂಬುದನ್ನು ನಮ್ಮ ಭಾಷಣಕಾರರು ಮರೆಯುತ್ತಾರೆ.

381 ದಿನ ಜನ ನಡೆದರು, ಕಾರು ಹಂಚಿಕೊಂಡರು. ಆದರೆ ಆಸನಭೇದದ ಕಾನೂನನ್ನು ಕೆಡವಿದ್ದು ಪ್ರತ್ಯೇಕ ಮೊಕದ್ದಮೆ. ಅದರ ಫಿರ್ಯಾದಿಗಳಲ್ಲಿ ಪಾರ್ಕ್ಸ್ ಇರಲಿಲ್ಲ. ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಸೀಟು ಬಿಡಲೊಪ್ಪದೆ ಬಂಧಿತಳಾಗಿದ್ದ ಕ್ಲಾಡೆಟ್ ಕಾಲ್ವಿನ್ ಇದ್ದಳು. 1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಅವರ ಪರ ಬಂತು. ಕಾಲ್ವಿನ್ ಮೇಲಿನ ಬಾಲಾಪರಾಧದ ದಾಖಲೆಯನ್ನು ಅಳಿಸಿದ್ದು 2021ರಲ್ಲಿ.