ಉಜ್ಜಿದರೆ ರಿಲೇ ಹೊಸದಾಗದು: ಕಂಟ್ರೋಲ್ ಪ್ಯಾನೆಲ್ ರಿಪೇರಿಯ ತಪ್ಪು ಕಲ್ಪನೆಗಳು

ಪೀಣ್ಯದ ಪ್ರೆಸ್ ಶಾಪ್ ಇರಲಿ, ಬೆಳಗಾವಿಯ ಫೌಂಡ್ರಿ ಇರಲಿ, ಯಂತ್ರ ಇದ್ದಕ್ಕಿದ್ದಂತೆ ನಿಂತರೆ ಎಲೆಕ್ಟ್ರಿಷಿಯನ್ ಮೊದಲು ತೆರೆಯುವುದು ಕಂಟ್ರೋಲ್ ಪ್ಯಾನೆಲ್‌ನ ಬಾಗಿಲು. ಪಿಎಲ್‌ಸಿ ಬಂದ ಮೇಲೂ ಅದರೊಳಗೆ ರಿಲೇಗಳ ಸಾಲು ಉಳಿದುಕೊಂಡಿದೆ. ಪಿಎಲ್‌ಸಿ ಕೊಡುವ ಸಣ್ಣ ಸಂಕೇತವನ್ನು ಸಾಲಿನಾಯ್ಡ್ ವಾಲ್ವ್, ಕಾಂಟ್ಯಾಕ್ಟರ್‌ಗಳಿಗೆ ಬೇಕಾದ ಕರೆಂಟಾಗಿ ದಾಟಿಸುವ ಕೆಲಸ ಇಂದಿಗೂ ಹೆಚ್ಚಾಗಿ ರಿಲೇಯದೇ. ಸವೆದ ರಿಲೇಯನ್ನು ಹೇಗೆ ಗುರುತಿಸಬೇಕು, ಹೇಗೆ ಸರಿಪಡಿಸಬೇಕು ಎಂಬ ಬಗ್ಗೆ ಶಾಪ್‌ಗಳಲ್ಲಿ ಬಾಯಿಂದ ಬಾಯಿಗೆ ಬಂದ ಹಲವು ನಂಬಿಕೆಗಳಿವೆ. ಅವು ಯಂತ್ರವನ್ನೂ ಕೆಲವೊಮ್ಮೆ ಕೆಲಸಗಾರರ ಕೈಯನ್ನೂ ಅಪಾಯಕ್ಕೆ ಒಡ್ಡುತ್ತವೆ.

ತಪ್ಪು ಕಲ್ಪನೆ 1: ‘ಟಕ್’ ಎಂದು ಸದ್ದು ಬಂದರೆ ರಿಲೇ ಚೆನ್ನಾಗಿದೆ.

ಸತ್ಯ: ಕಾಯಿಲ್‌ಗೆ ವಿದ್ಯುತ್ ಬಂತು, ಆರ್ಮೇಚರ್ ಕದಲಿತು ಎಂಬಷ್ಟನ್ನು ಮಾತ್ರ ಆ ಸದ್ದು ಹೇಳುತ್ತದೆ. ಲೋಡ್‌ನ ಕರೆಂಟ್ ಹರಿಯುವುದು ಕಾಂಟ್ಯಾಕ್ಟ್‌ನಲ್ಲಿ. ಅದು ಸುಟ್ಟು ಗುಳಿಬಿದ್ದಿದ್ದರೂ ಸದ್ದು ಮೊದಲಿನಂತೆಯೇ ಇರಬಹುದು. ಮಲ್ಟಿಮೀಟರ್‌ನ ಬಝರ್ ಕೂಡ ಮೋಸ ಮಾಡುತ್ತದೆ, ಏಕೆಂದರೆ ಅದು ಹರಿಸುವುದು ಅತ್ಯಲ್ಪ ಕರೆಂಟ್. ಲೋಡ್ ಓಡುತ್ತಿರುವಾಗ, ಮುಚ್ಚಿದ ಕಾಂಟ್ಯಾಕ್ಟ್‌ನ ಎರಡು ಟರ್ಮಿನಲ್‌ಗಳ ನಡುವಿನ ವೋಲ್ಟೇಜ್ ಅಳೆಯುವುದೇ ಸರಿಯಾದ ಪರೀಕ್ಷೆ. ಇದನ್ನು ತರಬೇತಿ ಪಡೆದವರೇ ಮಾಡಬೇಕು. ಹೊಸ ಪ್ಲಗ್-ಇನ್ ರಿಲೇಯ ಕಾಂಟ್ಯಾಕ್ಟ್ ರೋಧ ಸಾಮಾನ್ಯವಾಗಿ 100 ಮಿಲಿಓಮ್ ಒಳಗಿರುತ್ತದೆ. ಆ ಲೆಕ್ಕದಲ್ಲಿ 2 ಆಂಪಿಯರ್ ಹರಿಯುವಾಗ 0.2 ವೋಲ್ಟ್‌ಗಿಂತ ಹೆಚ್ಚು ಕಾಣಬಾರದು. 1 ವೋಲ್ಟ್ ಕಂಡರೆ ಆ ಪುಟ್ಟ ಬಿಂದುವಿನಲ್ಲೇ 2 ವ್ಯಾಟ್ ಶಾಖ ಹುಟ್ಟುತ್ತಿದೆ ಎಂದರ್ಥ.

ತಪ್ಪು ಕಲ್ಪನೆ 2: ಎಮರಿ ಪೇಪರ್‌ನಿಂದ ಉಜ್ಜಿದರೆ ಕಾಂಟ್ಯಾಕ್ಟ್ ಹೊಸದಾಗುತ್ತದೆ.

ಸತ್ಯ: ಉಜ್ಜಿದ ಮೇಲೆ ಯಂತ್ರ ಓಡುವುದು ನಿಜ, ಆದರೆ ಹೆಚ್ಚು ದಿನವಲ್ಲ. ಕಾಂಟ್ಯಾಕ್ಟ್‌ನ ತುದಿ ಬೆಳ್ಳಿ-ನಿಕ್ಕಲ್ ಅಥವಾ ಬೆಳ್ಳಿ-ಟಿನ್ ಆಕ್ಸೈಡ್‌ನಂಥ ಮಿಶ್ರಣದ್ದು. ಎಮರಿ ಮೊದಲು ತೆಗೆಯುವುದು ಆ ಬೆಲೆಬಾಳುವ ಲೋಹವನ್ನೇ. ತುದಿ ತೆಳುವಾದಷ್ಟೂ ಎರಡು ಕಾಂಟ್ಯಾಕ್ಟ್‌ಗಳು ಒಂದನ್ನೊಂದು ಒತ್ತುವ ಬಲ ಕುಗ್ಗುತ್ತದೆ, ಶಾಖ ಹೆಚ್ಚುತ್ತದೆ. ಕಾಗದದಿಂದ ಉದುರಿದ ಕಣಗಳು ವಿದ್ಯುತ್ತನ್ನು ಹರಿಯಬಿಡದೆ ಅಲ್ಲೇ ಕಚ್ಚಿಕೊಳ್ಳುತ್ತವೆ. ಚಿನ್ನದ ಲೇಪವಿದ್ದರೆ ನಾಲ್ಕೇ ಉಜ್ಜಿಗೆ ಹೋಯಿತು.

ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ರಿಲೇ ಕಾಂಟ್ಯಾಕ್ಟ್‌ಗಳನ್ನು ನಯವಾದ ಲೋಹದ ಪಟ್ಟಿಯಿಂದ ಒರೆಸುವ ಪದ್ಧತಿ ಇತ್ತು. ಅದು ಸಣ್ಣ ಕರೆಂಟಿನ ಕಾಂಟ್ಯಾಕ್ಟ್‌ಗಳ ಮೇಲಿನ ಪೊರೆ ತೆಗೆಯುವ ಕೆಲಸ. ಆರ್ಕ್‌ನಿಂದ ಸುಟ್ಟ ಕಾಂಟ್ಯಾಕ್ಟ್‌ಗೆ ಅದು ಮದ್ದಲ್ಲ. ಇನ್ನೊಂದು ಮಾತು: ದೊಡ್ಡ ಕಾಂಟ್ಯಾಕ್ಟರ್‌ನ ಬೆಳ್ಳಿ ಕಾಂಟ್ಯಾಕ್ಟ್ ಕಪ್ಪಾದ ಮಾತ್ರಕ್ಕೆ ಕೆಟ್ಟಿಲ್ಲ, ಅದನ್ನು ಹಾಗೆಯೇ ಬಿಡಬೇಕು. ಲೋಹ ತೀರಾ ಸವೆದಿದ್ದರೆ ಹಲವು ದೊಡ್ಡ ಕಾಂಟ್ಯಾಕ್ಟರ್‌ಗಳಿಗೆ ಕಾಂಟ್ಯಾಕ್ಟ್ ಕಿಟ್, ಕಾಯಿಲ್ ಬಿಡಿಯಾಗಿ ಸಿಗುತ್ತವೆ. ಅಲ್ಲಿ ರಿಪೇರಿಗೆ ಅರ್ಥವಿದೆ. ಪುಟ್ಟ ಪ್ಲಗ್-ಇನ್ ರಿಲೇಯನ್ನು ಬದಲಿಸುವುದೇ ಸರಿ.

ತಪ್ಪು ಕಲ್ಪನೆ 3: ಕ್ಯಾಟಲಾಗ್‌ನಲ್ಲಿ 1 ಕೋಟಿ ಬಾರಿ ಎಂದಿದೆ, ಇಷ್ಟು ಬೇಗ ಸವೆಯಲು ಸಾಧ್ಯವಿಲ್ಲ.

ಸತ್ಯ: 1 ಕೋಟಿ ಎಂಬುದು ಯಾಂತ್ರಿಕ ಆಯುಷ್ಯ, ಅಂದರೆ ಕಾಂಟ್ಯಾಕ್ಟ್‌ನಲ್ಲಿ ಲೋಡ್ ಇಲ್ಲದೆ ಬಡಿದಾಗಿನ ಲೆಕ್ಕ. ಪೂರ್ಣ ಲೋಡ್ ಹೊತ್ತಾಗಿನ ವಿದ್ಯುತ್ ಆಯುಷ್ಯ ಅನೇಕ ರಿಲೇಗಳಲ್ಲಿ ಸುಮಾರು 1 ಲಕ್ಷ ಬಾರಿ. 6 ಸೆಕೆಂಡಿಗೊಮ್ಮೆ ಹೊಡೆಯುವ ಪ್ರೆಸ್‌ನಲ್ಲಿ ಗಂಟೆಗೆ 600 ಬಾರಿಯಾಯಿತು. ಹಗಲೂ ರಾತ್ರಿ ಓಡಿದರೆ 1 ಲಕ್ಷ ಮುಗಿಯಲು 167 ಗಂಟೆ, ಅಂದರೆ ಒಂದು ವಾರ ಸಾಕು. ಲೋಡ್ ಕಡಿಮೆಯಿದ್ದರೆ ಆಯುಷ್ಯ ಬಹಳ ಹೆಚ್ಚುತ್ತದೆ. ಆದ್ದರಿಂದ ನೋಡಬೇಕಾದದ್ದು ರಿಲೇಯ ವಯಸ್ಸನ್ನಲ್ಲ, ಅದು ಎಷ್ಟು ಬಾರಿ, ಎಷ್ಟು ಲೋಡ್ ಹೊತ್ತು ಬಡಿದಿದೆ ಎಂಬುದನ್ನು.

ತಪ್ಪು ಕಲ್ಪನೆ 4: ಹೆಚ್ಚು ಆಂಪಿಯರ್‌ನ ರಿಲೇ ಹಾಕಿದರೆ ಚಿಂತೆಯೇ ಇಲ್ಲ.

ಸತ್ಯ: ಪಿಎಲ್‌ಸಿ ಇನ್‌ಪುಟ್‌ಗೆ ಹೋಗುವುದು 24 ವೋಲ್ಟ್‌ನ ಕೆಲವೇ ಮಿಲಿಆಂಪಿಯರ್. ಬೆಳ್ಳಿಯ ಮೇಲೆ ಕಟ್ಟಿಕೊಳ್ಳುವ ಸಲ್ಫೈಡ್ ಪೊರೆಯನ್ನು ಭೇದಿಸಲು ಇಷ್ಟು ಸಣ್ಣ ಕರೆಂಟ್‌ಗೆ ಎಷ್ಟೋ ಸಲ ಆಗುವುದಿಲ್ಲ. 10 ಆಂಪಿಯರ್‌ನ ರಿಲೇ ಅಲ್ಲಿ ಒಮ್ಮೆ ಕೆಲಸ ಮಾಡಿ, ಒಮ್ಮೆ ಕೈಕೊಟ್ಟು ದಿನಗಟ್ಟಲೆ ಸತಾಯಿಸುತ್ತದೆ. ಸಂಕೇತಕ್ಕೆ ಚಿನ್ನದ ಲೇಪದ ಕಾಂಟ್ಯಾಕ್ಟ್, ಲೋಡ್‌ಗೆ ಬೆಳ್ಳಿಯ ಕಾಂಟ್ಯಾಕ್ಟ್ ಎಂಬುದು ನೆನಪಿರಲಿ. ಕ್ಯಾಟಲಾಗ್‌ನಲ್ಲಿ ಗರಿಷ್ಠ ಲೋಡ್‌ನಷ್ಟೇ ಕನಿಷ್ಠ ಲೋಡ್ ಕೂಡ ಓದಬೇಕು.

ತಪ್ಪು ಕಲ್ಪನೆ 5: ಕಾಯಿಲ್ ಸುಟ್ಟಿದೆ ಎಂದರೆ ವೋಲ್ಟೇಜ್ ಹೆಚ್ಚಾಗಿತ್ತು.

ಸತ್ಯ: ಎಸಿ ಕಾಯಿಲ್ ಲೋ ವೋಲ್ಟೇಜ್‌ನಿಂದಲೂ ಸುಡುತ್ತದೆ. ಆರ್ಮೇಚರ್ ಪೂರ್ತಿ ಕೂತ ಮೇಲಷ್ಟೇ ಎಸಿ ಕಾಯಿಲ್‌ನ ಕರೆಂಟ್ ತಗ್ಗುತ್ತದೆ. ಕಾಂಟ್ಯಾಕ್ಟರ್‌ಗಳಲ್ಲಿ ಸೆಳೆಯುವಾಗಿನ ಕರೆಂಟ್ ಹಿಡಿದಿಡುವಾಗಿನ ಕರೆಂಟಿನ ಹಲವು ಪಟ್ಟು ಇರುತ್ತದೆ. ವೋಲ್ಟೇಜ್ ಕುಸಿದರೆ ಅಥವಾ ಧೂಳು ಅಡ್ಡ ಕೂತರೆ ಆರ್ಮೇಚರ್ ನಡುವೆಯೇ ನಿಂತು ಗುಂಯ್‌ಗುಡುತ್ತದೆ, ಕಾಯಿಲ್ ಕಾದು ಕರಕಲಾಗುತ್ತದೆ. ಜೊತೆಗೆ ಕಾಂಟ್ಯಾಕ್ಟ್‌ಗಳು ಅದುರಿ ಬೆಸೆದುಕೊಳ್ಳಲೂಬಹುದು. ಗುಂಯ್‌ಗುಡುವ ರಿಲೇಯನ್ನು ಅಂದೇ ಪರೀಕ್ಷಿಸಿ.

ತಪ್ಪು ಕಲ್ಪನೆ 6: ಹೊಸ ರಿಲೇ ಹಾಕಿದರೆ ರಿಪೇರಿ ಮುಗಿಯಿತು.

ಸತ್ಯ: ರಿಪೇರಿಯ ಮುಖ್ಯ ಭಾಗ ಶುರುವಾಗುವುದೇ ಇಲ್ಲಿಂದ. 30 ವ್ಯಾಟ್‌ನ 24 ವೋಲ್ಟ್ ಡಿಸಿ ಹೈಡ್ರಾಲಿಕ್ ಸಾಲಿನಾಯ್ಡ್ ತೆಗೆದುಕೊಳ್ಳುವುದು 1.25 ಆಂಪಿಯರ್. 10 ಆಂಪಿಯರ್‌ನ ರಿಲೇಗೆ ಅದೇನು ಮಹಾ ಎನಿಸುತ್ತದೆ. ಆದರೆ ಆ 10 ಆಂಪಿಯರ್ ಬರೆದಿರುವುದು ಹೀಟರ್‌ನಂಥ ಲೋಡ್‌ಗೆ. ಸಾಲಿನಾಯ್ಡ್‌ನ ಕರೆಂಟ್ ಕಡಿದ ಕ್ಷಣ ಅದರ ಕಾಂತಕ್ಷೇತ್ರ ಕುಸಿದು ನೂರಾರು ವೋಲ್ಟ್ ಎದ್ದೇಳುತ್ತದೆ, ಕಾಂಟ್ಯಾಕ್ಟ್‌ಗಳ ನಡುವೆ ಆರ್ಕ್ ಹೊತ್ತುತ್ತದೆ. 50 ಹರ್ಟ್ಜ್ ಎಸಿ ಸೆಕೆಂಡಿಗೆ 100 ಬಾರಿ ಸೊನ್ನೆಗೆ ಇಳಿಯುವುದರಿಂದ ಆರ್ಕ್ ಬೇಗ ಆರುತ್ತದೆ. ಡಿಸಿಯಲ್ಲಿ ಆ ಬಿಡುವಿಲ್ಲ. ಅದಕ್ಕೇ ಕ್ಯಾಟಲಾಗ್‌ಗಳಲ್ಲಿ ಇಂಥ ಲೋಡ್‌ಗಳಿಗೆ ಎಸಿ-15, ಡಿಸಿ-13 ಎಂಬ ಬೇರೆ ರೇಟಿಂಗ್ ಇರುತ್ತದೆ. ನೋಡಬೇಕಾದದ್ದು ಅದನ್ನು.

ಪರಿಹಾರ ಅಗ್ಗದ್ದು. ಡಿಸಿ ಸಾಲಿನಾಯ್ಡ್‌ಗೆ ಅಡ್ಡಲಾಗಿ ಡಯೋಡ್ ಹಾಕಿ. ಅದರ ಪಟ್ಟಿಯಿರುವ ತುದಿ ಪ್ಲಸ್‌ ಕಡೆಗಿರಬೇಕು. ಡಯೋಡ್‌ನಿಂದ ವಾಲ್ವ್ ಬಿಡುಗಡೆ ತುಸು ನಿಧಾನವಾಗುತ್ತದೆ. ವೇಗ ಮುಖ್ಯವಾದಲ್ಲಿ ವೇರಿಸ್ಟರ್ ಒಳ್ಳೆಯದು. ಎಸಿ ಕಾಯಿಲ್‌ಗೆ ಆರ್‌ಸಿ ಸ್ನಬ್ಬರ್ ಅಥವಾ ವೇರಿಸ್ಟರ್ ಸರಿ, ಡಯೋಡ್ ಮಾತ್ರ ಸಲ್ಲದು. ಇದ್ದ ಡಯೋಡ್ ಸುಟ್ಟುಹೋಗಿದೆಯೇ, ಸಾಕೆಟ್‌ನ ಹಿಡಿತ ಸಡಿಲವಾಗಿದೆಯೇ ಎಂಬುದನ್ನೂ ನೋಡಿ. ಸಡಿಲ ಸಾಕೆಟ್ ಹೊಸ ರಿಲೇಯನ್ನೂ ಸುಡುತ್ತದೆ.

ತಪ್ಪು ಕಲ್ಪನೆ 7: ಸೇಫ್ಟಿ ರಿಲೇಯೂ ರಿಲೇಯೇ, ಬಿಚ್ಚಿ ಸರಿಮಾಡಬಹುದು.

ಸತ್ಯ: ಖಂಡಿತ ಬಿಚ್ಚಬಾರದು. ಎಮರ್ಜೆನ್ಸಿ ಸ್ಟಾಪ್, ಪ್ರೆಸ್‌ನ ಗಾರ್ಡ್‌ಗಳಿಗೆ ಬಳಸುವ ಇಂಥ ರಿಲೇಗಳಲ್ಲಿ ಕಾಂಟ್ಯಾಕ್ಟ್‌ಗಳು ಯಾಂತ್ರಿಕವಾಗಿ ಒಂದಕ್ಕೊಂದು ಕಟ್ಟಿಕೊಂಡಿರುತ್ತವೆ. ಒಂದು ಕಾಂಟ್ಯಾಕ್ಟ್ ಬೆಸೆದುಕೊಂಡರೆ ಅದರ ಎದುರಿನದು ಮುಚ್ಚದೆ ದೋಷವನ್ನು ತೋರಿಸಿಕೊಡುತ್ತದೆ, ಯಂತ್ರ ಮತ್ತೆ ಚಾಲೂ ಆಗುವುದಿಲ್ಲ. ಬಿಚ್ಚಿ ಬಗ್ಗಿಸಿದರೆ ಆ ಭರವಸೆ ಹೋಗುತ್ತದೆ. ಹಾಗೆಯೇ ಅದರ ಜಾಗದಲ್ಲಿ ಸಾಮಾನ್ಯ ರಿಲೇ ಕೂರಿಸುವುದು, ವೈರ್ ಹಾಕಿ ಬೈಪಾಸ್ ಮಾಡುವುದು ಪ್ರೆಸ್‌ನ ಬಾಯಿಗೆ ಕೈ ಒಡ್ಡಿದಂತೆ.

ಪ್ಲಗ್-ಇನ್ ರಿಲೇ ಬದಲಿಸುವ ಮುನ್ನ ವಿದ್ಯುತ್ ಕಡಿದು ಬೀಗ ಹಾಕಿ. ಕಾಯಿಲ್‌ನ ವೋಲ್ಟೇಜ್, ಎಸಿಯೋ ಡಿಸಿಯೋ, ಪಿನ್‌ಗಳ ಜೋಡಣೆ, ಒಳಗಿನ ಡಯೋಡ್‌ನ ದಿಕ್ಕು ಇವಿಷ್ಟನ್ನೂ ಹಳೆಯದರೊಂದಿಗೆ ತಾಳೆ ನೋಡಿ. ಬದಲಿಸಿದ ದಿನಾಂಕವನ್ನೂ ಕಾರಣವನ್ನೂ ಪ್ಯಾನೆಲ್ ಬಾಗಿಲಿನ ಒಳಬದಿಯಲ್ಲಿ ಬರೆದಿಡಿ. ಒಂದೇ ಜಾಗದ ರಿಲೇ ಎರಡನೇ ಸಲ ಸುಟ್ಟರೆ ಮೂರನೆಯದನ್ನು ಹಾಕುವ ಮುನ್ನ ಲೋಡ್‌ನ ಕಡೆ ಹೋಗಿ ಕಾರಣ ಹುಡುಕಿ.