ಶಾರ್ಟ್‌ಕಟ್ ಕೀಲಿಗಳು ಮಾತು ಕೇಳದಿರುವಾಗ

ನಮ್ಮ ಶಾಲೆಯಿಂದ ಹೊರಬಿದ್ದ ಹುಡುಗಿಯರಲ್ಲಿ ಕೆಲವರು ಈಗ ಕಂಪ್ಯೂಟರ್ ಪ್ರೋಗ್ರಾಮುಗಳನ್ನು ಬರೆಯುವ ಉದ್ಯೋಗದಲ್ಲಿರುವರು. ಇನ್ನು ಕೆಲವರು ಕಲಬುರಗಿ, ಬೆಂಗಳೂರುಗಳ ಕಾಲೇಜುಗಳಲ್ಲಿ ಆ ವಿದ್ಯೆಯನ್ನು ಅಭ್ಯಾಸ ಮಾಡುತ್ತಿರುವರು. ಕೆಂಭಾವಿಯಂಥ ಊರಿನಲ್ಲಿ ಒಂದೇ ಯಂತ್ರದ ಮುಂದೆ ಅನೇಕರು ಸರದಿಯಿಂದ ಕೂಡ್ರುವದು ಸಾಮಾನ್ಯವಾದದರಿಂದ, ಒಬ್ಬಳು ಕನ್ನಡದಲ್ಲಿ ಅರ್ಜಿ ಬರೆದು ಎದ್ದುಹೋದ ಮೇಲೆ ಇನ್ನೊಬ್ಬಳು ಪೈಥಾನ್ ಪಾಠಕ್ಕೆ ಬಂದರೆ, ನಿನ್ನೆಯ ವರೆಗೆ ವಿಧೇಯವಾಗಿದ್ದ ಕೀಲಿಗಳು ಇಂದು ಸುಮ್ಮನಾಗಿರುವವು. ಆಗ ಹುಡುಗಿಯು, ‘ಈ ವಿದ್ಯೆ ನನ್ನ ತಲೆಗೆ ಹತ್ತದು’ ಎಂದುಕೊಳ್ಳುವಳು. ತಂದೆತಾಯಿಗಳು ಯಂತ್ರವೇ ಕೆಟ್ಟಿತೆಂದು ದುರಸ್ತಿಗೆ ಒಯ್ಯುವರು. ಬಲ್ಲವನೆನಿಸಿಕೊಂಡ ಯಾರಾದರೊಬ್ಬನು, ‘ಕನ್ನಡವನ್ನು ತೆಗೆದುಹಾಕಿರಿ’ ಎಂದು ಉಪದೇಶಿಸುವನು. ಈ ಮೂರಕ್ಕೂ ಕಾರಣವಿಲ್ಲವೆಂಬದನ್ನು ತೋರಿಸುವದಕ್ಕಾಗಿ ಇದನ್ನು ಬರೆದಿದ್ದೇನೆ.

ಪೋಷಕರ ತಿಳುವಳಿಕೆಗಾಗಿ ಮೊದಲು ಒಂದು ಮಾತು. ಕಂಟ್ರೋಲ್ ಎಂಬ ಕೀಲಿಯನ್ನು ಒತ್ತಿ ಹಿಡಿದು ‘ಸಿ’ ಒತ್ತಿದರೆ ಬರಹದ ಪ್ರತಿಯಾಗುವದು, ‘ವಿ’ ಒತ್ತಿದರೆ ಆ ಪ್ರತಿಯು ಬೇಕಾದಲ್ಲಿ ಅಂಟುವದು. ಇವೇ ಶಾರ್ಟ್‌ಕಟ್ಟುಗಳು. ಬೆರಳಿಗೂ ತಂತ್ರಾಂಶಕ್ಕೂ ನಡುವೆ ಮೂರು ನಾಲ್ಕು ಬಾಗಿಲುಗಳುಂಟು. ಯಾವ ಬಾಗಿಲಲ್ಲಿ ನಮ್ಮ ಮಾತು ತಡೆಯಲ್ಪಟ್ಟಿತೆಂದು ಹುಡುಕುವದೇ ಇಲ್ಲಿಯ ಕೆಲಸವೆಲ್ಲ.

ನಮ್ಮ ಕಡೆಯಲ್ಲಿ ಮೊದಲು ಸಂಶಯಿಸತಕ್ಕದ್ದು ಭಾಷೆಯ ವಿನ್ಯಾಸವನ್ನು. ಭಾರತ ಸರ್ಕಾರವು 1986ರಲ್ಲಿ ಗೊತ್ತುಮಾಡಿದ ಇನ್‌ಸ್ಕ್ರಿಪ್ಟ್ ವಿನ್ಯಾಸದಲ್ಲಿ ‘ಸಿ’ ಕೀಲಿಯು ಮಕಾರವನ್ನೂ ‘ವಿ’ ಕೀಲಿಯು ನಕಾರವನ್ನೂ ಕೊಡುವವು. ಕೆ. ಪಿ. ರಾಯರ ವಿನ್ಯಾಸದಲ್ಲಾದರೋ ಅವೇ ಕೀಲಿಗಳು ಚಕಾರ, ವಕಾರಗಳು. ಕೆಲವು ತಂತ್ರಾಂಶಗಳು ಕೀಲಿಯ ಸ್ಥಾನವನ್ನು ನೋಡಿ ಅರ್ಥಮಾಡಿಕೊಳ್ಳುವದರಿಂದ ಅವಕ್ಕೆ ಇದು ಬಾಧಕವಲ್ಲ. ಬೇರೆ ಕೆಲವು ಹುಟ್ಟಿದ ಅಕ್ಷರವನ್ನೇ ನೋಡುವವು. ಅಂಥವುಗಳಿಗೆ ‘ಕಂಟ್ರೋಲ್ ಮತ್ತು ಮ’ ಎಂಬದು ಅರ್ಥವಿಲ್ಲದ ಮಾತು. ಇದು ಕನ್ನಡಕ್ಕೆ ಮಾತ್ರ ಬಂದ ಕಷ್ಟವಲ್ಲ. ಪೈಥಾನ್ ಸಂಗಡ ಬರುವ ಐಡಲ್ ಎಂಬ ಸಾಧನದ ಮೇಲೆ ರಷ್ಯನ್ ಲಿಪಿಯವರೂ ಇದೇ ದೂರು ಹೇಳಿದ್ದಾರೆ. ಪರೀಕ್ಷೆಯು ಸುಲಭ: ನೋಟ್‌ಪ್ಯಾಡ್ ತೆರೆದು ‘ಕೆ’ ಒತ್ತಿರಿ. ಮೇಲೆ ಹೇಳಿದ ಎರಡು ವಿನ್ಯಾಸಗಳಲ್ಲಿಯೂ ಅದು ‘ಕ’ ಎಂದೇ ಬೀಳುವದು. ಹಾಗೆ ಬಿದ್ದರೆ ವಿಂಡೋಸ್ ಕೀಲಿಯನ್ನು ಹಿಡಿದು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿದರೆ ತೀರಿತು. ನುಡಿಯಂಥ ತಂತ್ರಾಂಶವು ನಡೆಯುತ್ತಿದ್ದರೆ ಅದರಲ್ಲಿಯೇ ಬದಲಿಸಬೇಕು. ಕನ್ನಡವನ್ನೂ ಉರ್ದುವನ್ನೂ ಯಂತ್ರದಿಂದ ಕಿತ್ತುಹಾಕುವ ಅವಶ್ಯವೇನೂ ಇಲ್ಲ. ಬಾಗಿಲು ಮುಚ್ಚಿದೆಯೆಂದು ಗೋಡೆಯನ್ನು ಒಡೆಯುವವರುಂಟೇ?

ಎರಡನೆಯದಾಗಿ, ಬೇರೊಂದು ತಂತ್ರಾಂಶವು ಕೀಲಿಯನ್ನು ನಡುವೆಯೇ ಕಸಿದುಕೊಂಡಿರಬಹುದು. ಲಿನಕ್ಸಿನಲ್ಲಿ ಕನ್ನಡ ಬರೆಯಲು ನೆರವಾಗುವ ಐಬಸ್ ಎಂಬದರ ಹಳೆಯ ಆವೃತ್ತಿಗಳು ಭಾಷೆಯನ್ನು ಬದಲಿಸಲು ಕಂಟ್ರೋಲ್-ಸ್ಪೇಸನ್ನು ಇಟ್ಟುಕೊಂಡಿದ್ದವು. ಪ್ರೋಗ್ರಾಮ್ ಬರೆಯುವವರಿಗೆ ಮುಂದಿನ ಪದವನ್ನು ಸೂಚಿಸುವ ಕೀಲಿಯೂ ಅದೇ. ಐಬಸ್ಸಿನ ಏರ್ಪಾಡಿನಲ್ಲಿ ತನ್ನ ಕೀಲಿಯನ್ನು ಬದಲಿಸಿದರೆ ಜಗಳ ಮುಗಿಯಿತು. ಲ್ಯಾಪ್‌ಟಾಪುಗಳಲ್ಲಿ ಎಫ್ 5 ಒತ್ತಿದರೆ ಪ್ರೋಗ್ರಾಮ್ ಓಡುವದರ ಬದಲು ಪರದೆಯ ಬೆಳಕೋ ಧ್ವನಿಯೋ ಬದಲಾದರೆ, ಎಫ್‌ಎನ್ ಕೀಲಿಯನ್ನು ಸಂಗಡ ಒತ್ತಿ ನೋಡತಕ್ಕದ್ದು.

ಮೂರನೆಯದು ಸ್ಥಳದ ಮಾತು. ಒಂದೇ ಕಿಟಕಿಯಲ್ಲಿ ಬರೆಯುವ ಭಾಗವೂ ಟರ್ಮಿನಲ್ ಎಂಬ ಆಜ್ಞೆಯ ಭಾಗವೂ ಇರುವವು. ಟರ್ಮಿನಲ್ಲಿನಲ್ಲಿ ಏನನ್ನೂ ಆರಿಸದೆ ಕಂಟ್ರೋಲ್-ಸಿ ಒತ್ತಿದರೆ ಪ್ರತಿಯಾಗುವದಿಲ್ಲ. ಓಡುತ್ತಿರುವ ಪ್ರೋಗ್ರಾಮೇ ನಿಂತುಹೋಗುವದು. ‘ನಾನೇ ಕೆಡಿಸಿದೆ’ ಎಂದು ಹೊಸಬರು ಗಾಬರಿಯಾಗುವದು ಹೆಚ್ಚಾಗಿ ಇಲ್ಲಿಯೇ. ಏನೂ ಕೆಟ್ಟಿರುವದಿಲ್ಲ, ಪುನಃ ಓಡಿಸಬಹುದು. ಬರೆಯುವ ಭಾಗದ ಮೇಲೆ ಒಮ್ಮೆ ಒತ್ತಿ ಬಳಿಕ ಶಾರ್ಟ್‌ಕಟ್ಟನ್ನು ಉಪಯೋಗಿಸಬೇಕು.

ಇಷ್ಟಾದರೂ ಸರಿಹೋಗದಿದ್ದರೆ, ಮೈಕ್ರೋಸಾಫ್ಟಿನವರು 2015ರಲ್ಲಿ ಹೊರತಂದ ವಿಜುವಲ್ ಸ್ಟುಡಿಯೋ ಕೋಡ್ ತನ್ನ ರೋಗವನ್ನು ತಾನೇ ಹೇಳಬಲ್ಲದು. ಎಫ್ 1 ಒತ್ತಿ, ತೆರೆದ ಪಟ್ಟಿಯಲ್ಲಿ ‘ಟಾಗಲ್ ಕೀಬೋರ್ಡ್ ಶಾರ್ಟ್‌ಕಟ್ಸ್ ಟ್ರಬಲ್‌ಶೂಟಿಂಗ್’ ಎಂಬ ಆಜ್ಞೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು ಆರಿಸಿರಿ. ಬಳಿಕ ಮುಷ್ಕರ ಹೂಡಿದ ಕೀಲಿಯನ್ನು ಒತ್ತಿದರೆ, ಅದು ಏನೆಂದು ತಲಪಿತು, ಯಾವ ಆಜ್ಞೆಗೆ ಹೋಯಿತು ಎಂಬದು ಸಾಲುಸಾಲಾಗಿ ಮೂಡುವದು. ಏನೂ ಮೂಡದಿದ್ದರೆ ಕೀಲಿಯು ಹೊರಗೇ ತಡೆಯಲ್ಪಟ್ಟಿದೆ. ಬೇರೆ ಆಜ್ಞೆಯು ಕಂಡುಬಂದರೆ, ಆಮೇಲೆ ಸೇರಿಸಿದ ಯಾವದೋ ಎಕ್ಸ್‌ಟೆನ್ಷನ್ ಅದನ್ನು ತನ್ನದಾಗಿಸಿಕೊಂಡಿರಬಹುದು. ಕಂಟ್ರೋಲ್-ಕೆ, ಬಳಿಕ ಕಂಟ್ರೋಲ್-ಎಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಅದನ್ನು ತಿದ್ದಬಹುದು. ಕೀಲಿಯೇ ತಪ್ಪಾಗಿ ಓದಲ್ಪಟ್ಟಿದ್ದರೆ, ಲಿನಕ್ಸಿನಲ್ಲಿ ‘ಕೀಬೋರ್ಡ್ ಡಿಸ್ಪ್ಯಾಚ್’ ಎಂಬ ಏರ್ಪಾಡನ್ನು ‘ಕೀಕೋಡ್’ ಎಂದು ಬದಲಿಸಿ ತಂತ್ರಾಂಶವನ್ನು ಮುಚ್ಚಿ ತೆರೆಯತಕ್ಕದ್ದು. ತೆರೆಯದೆ ಅದು ಜಾರಿಗೆ ಬರುವದಿಲ್ಲ.