ಸಸ್ಪೆನ್ಷನ್ ಗಟ್ಟಿ ಮಾಡಿದಷ್ಟೂ ಕಾರಿನ ಹಿಡಿತ ಹೆಚ್ಚುತ್ತದೆಯೇ? ರೇಸಿಂಗ್ ಗೇಮ್ ಸೆಟ್ಟಿಂಗ್ ಫಾರ್ವರ್ಡ್‌ಗಳ ಹಿಂದಿನ ನಿಜ

‘ಸ್ಪ್ರಿಂಗ್ ಫುಲ್ ಗಟ್ಟಿ ಮಾಡಿ, ಕಾರನ್ನು ಪೂರ್ತಿ ಕೆಳಗಿಳಿಸಿ. ಆಮೇಲೆ ತಿರುವಿನಲ್ಲಿ ಕಾರು ಹಳಿ ಮೇಲಿನ ರೈಲಿನಂತೆ ಹೋಗುತ್ತದೆ!’ ರೇಸಿಂಗ್ ಗೇಮ್ ಆಡುವವರ ನಡುವೆ ಇಂಥ ಸಲಹೆಗಳು ಸ್ಕ್ರೀನ್‌ಶಾಟ್ ಸಮೇತ ಓಡಾಡುತ್ತವೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ‘ಮನೆಯ ಕಾರಿಗೂ ಇದೇ ಸೂತ್ರ’ ಎನ್ನುತ್ತಾರೆ. ಗೇಮ್‌ನಲ್ಲಿ ಈ ಸಲಹೆ ತಪ್ಪಾದರೆ ಒಂದು ಲ್ಯಾಪ್ ಹೋಗುತ್ತದೆ, ಅಷ್ಟೇ. ರಸ್ತೆಯಲ್ಲಿ ತಪ್ಪಾದರೆ ಹೋಗುವುದು ಬೇರೆಯೇ. ಹಾಗಾಗಿ ಇದರಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು ಎಂದು ನೋಡೋಣ.

ಸಸ್ಪೆನ್ಷನ್ ಇರುವುದು ಯಾತಕ್ಕೆ?

ಕುಳಿತವರಿಗೆ ಕುಲುಕಾಟ ಆಗದಿರಲಿ ಎಂದು ಮಾತ್ರ ಸಸ್ಪೆನ್ಷನ್ ಇದೆ ಎಂದು ಹಲವರು ತಿಳಿದಿದ್ದಾರೆ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ: ನಾಲ್ಕೂ ಟೈರ್‌ಗಳನ್ನು ನೆಲಕ್ಕೆ ಒತ್ತಿ ಹಿಡಿಯುವುದು. ಬ್ರೇಕ್, ಸ್ಟೀರಿಂಗ್, ಎಂಜಿನ್ ಇವೆಲ್ಲವೂ ನೆಲದ ಮೇಲೆ ಕೆಲಸ ಮಾಡುವುದು ಟೈರ್‌ಗಳ ಮೂಲಕವೇ. ಟೈರ್ ಗಾಳಿಯಲ್ಲಿದ್ದರೆ ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಪ್ರಯೋಜನವಿಲ್ಲ.

1997ರಲ್ಲಿ ಜಪಾನ್‌ನಲ್ಲಿ ಪ್ಲೇಸ್ಟೇಷನ್‌ಗೆ ಬಂದ ಗ್ರ್ಯಾನ್ ಟುರಿಸ್ಮೊ, 2005ರಲ್ಲಿ ಎಕ್ಸ್‌ಬಾಕ್ಸ್‌ಗೆ ಬಂದ ಫೋರ್ಜಾ ಮೋಟರ್‌ಸ್ಪೋರ್ಟ್, ಇಟಲಿಯ ಅಸೆಟ್ಟೊ ಕೋರ್ಸಾ ಮುಂತಾದ ಗೇಮ್‌ಗಳು ಈ ಲೆಕ್ಕಾಚಾರವನ್ನು ತಮ್ಮ ತಮ್ಮ ಮಟ್ಟದಲ್ಲಿ ಅನುಕರಿಸುತ್ತವೆ. ಆದ್ದರಿಂದಲೇ ಅವುಗಳಲ್ಲಿ ಸ್ಪ್ರಿಂಗ್, ಡ್ಯಾಂಪರ್, ಆಂಟಿ-ರೋಲ್ ಬಾರ್, ಕ್ಯಾಂಬರ್ ಎಂಬ ಆಯ್ಕೆಗಳಿವೆ.

ಗಟ್ಟಿ ಮಾಡಿದರೆ ಭಾರ ವಾಲುವುದು ನಿಲ್ಲುತ್ತದೆಯೇ?

ಇಲ್ಲ. ಈ ಫಾರ್ವರ್ಡ್‌ಗಳ ಮೂಲ ತಪ್ಪು ಇದೇ. ತಿರುವಿನಲ್ಲಿ ಕಾರಿನ ಬಾಡಿ ಹೊರಕ್ಕೆ ವಾಲುವುದು ಬೇರೆ, ಭಾರ ಹೊರಗಿನ ಟೈರ್‌ಗಳಿಗೆ ವರ್ಗವಾಗುವುದು ಬೇರೆ. ಸ್ಪ್ರಿಂಗ್ ಗಟ್ಟಿ ಮಾಡಿದರೆ ವಾಲುವುದು ಕಡಿಮೆಯಾಗುತ್ತದೆ. ಭಾರದ ವರ್ಗಾವಣೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ.

ಒಂದು ಸರಳ ಲೆಕ್ಕ ನೋಡಿ. ಕಾರಿನ ತೂಕ 1200 ಕೆಜಿ, ಗುರುತ್ವ ಕೇಂದ್ರ ನೆಲದಿಂದ 50 ಸೆಂ.ಮೀ. ಎತ್ತರ, ಎಡ-ಬಲ ಚಕ್ರಗಳ ನಡುವೆ 150 ಸೆಂ.ಮೀ. ಅಂತರ ಎಂದುಕೊಳ್ಳೋಣ. ಪಕ್ಕಕ್ಕೆ ಎಳೆಯುವ ಬಲ ಕಾರಿನ ತೂಕದಷ್ಟೇ ಇರುವ ಜೋರಾದ ತಿರುವಿನಲ್ಲಿ 1200 × 50 ÷ 150, ಅಂದರೆ 400 ಕೆಜಿ ಭಾರ ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ಹೋಗುತ್ತದೆ. ಈ ಲೆಕ್ಕದಲ್ಲಿ ಸ್ಪ್ರಿಂಗ್‌ನ ಹೆಸರೇ ಇಲ್ಲ, ಗಮನಿಸಿ! ಕಾರನ್ನು 5 ಸೆಂ.ಮೀ. ಕೆಳಗಿಳಿಸಿದರೆ ಅದು 360 ಕೆಜಿ ಆಗುತ್ತದೆ. ಹಾಗಾಗಿ ‘ಕೆಳಗಿಳಿಸಿ’ ಎಂಬ ಸಲಹೆಯಲ್ಲಿ ಸ್ವಲ್ಪ ಸತ್ಯವಿದೆ. ಆದರೆ ತೀರಾ ಕೆಳಗಿಳಿಸಿದರೆ ಸಸ್ಪೆನ್ಷನ್‌ಗೆ ಚಲಿಸಲು ಜಾಗವೇ ಉಳಿಯುವುದಿಲ್ಲ. ಅದು ಕೊನೆ ಮುಟ್ಟಿ ಬಡಿದ ಕ್ಷಣ ಹಿಡಿತ ಥಟ್ಟನೆ ಕೈಕೊಡುತ್ತದೆ.

ಹಾಗಾದರೆ ಸ್ಪ್ರಿಂಗ್, ಬಾರ್ ಬದಲಿಸಿ ಏನು ಉಪಯೋಗ?

ಆ 400 ಕೆಜಿಯಲ್ಲಿ ಮುಂದಿನ ಚಕ್ರಗಳ ಪಾಲೆಷ್ಟು, ಹಿಂದಿನ ಚಕ್ರಗಳ ಪಾಲೆಷ್ಟು ಎಂಬುದನ್ನು ಅವು ನಿರ್ಧರಿಸುತ್ತವೆ. ಯಾವ ತುದಿ ಹೆಚ್ಚು ಗಟ್ಟಿಯೋ ಆ ತುದಿ ಹೆಚ್ಚು ಪಾಲು ಹೊರುತ್ತದೆ.

ಇಲ್ಲಿ ಟೈರ್‌ನ ಒಂದು ಗುಣ ಗೊತ್ತಿರಬೇಕು. ಭಾರ ಇಮ್ಮಡಿಯಾದರೆ ಹಿಡಿತವೂ ಹೆಚ್ಚುತ್ತದೆ, ಆದರೆ ಪೂರ್ತಿ ಇಮ್ಮಡಿಯಾಗುವುದಿಲ್ಲ. ಉದಾಹರಣೆಗೆ, ತಲಾ 300 ಕೆಜಿ ಹೊತ್ತ ಎರಡು ಟೈರ್‌ಗಳು ತಲಾ 330, ಒಟ್ಟು 660 ಅಂಕದ ಹಿಡಿತ ಕೊಡುತ್ತವೆ ಎಂದುಕೊಳ್ಳಿ. ಅದೇ ಭಾರ 500 ಮತ್ತು 100 ಎಂದು ಹಂಚಿಹೋದರೆ ಸಿಗುವುದು 525 ಮತ್ತು 115, ಅಂದರೆ 640 ಮಾತ್ರ. ಒಂದೇ ಟೈರ್ ಮೇಲೆ ಹೆಚ್ಚು ಹೊರೆ ಹಾಕಿದಷ್ಟೂ ಆ ಜೋಡಿಗೆ ನಷ್ಟ.

ಈಗ ಮುಂದಿನ ಬಾರ್ ಗಟ್ಟಿ ಮಾಡಿ. ಮುಂದಿನ ಪಾಲು 200ರಿಂದ 260 ಕೆಜಿಗೆ ಏರಿತು, ಹಿಂದಿನದು 140ಕ್ಕೆ ಇಳಿಯಿತು. ಇದೇ ಲೆಕ್ಕದಲ್ಲಿ ಮುಂದಿನ ಹಿಡಿತ 640ರಿಂದ ಸುಮಾರು 626ಕ್ಕೆ ಕುಸಿಯುತ್ತದೆ, ಹಿಂದಿನದು 650ಕ್ಕೆ ಏರುತ್ತದೆ. ಪರಿಣಾಮ? ಸ್ಟೀರಿಂಗ್ ತಿರುಗಿಸಿದರೂ ಕಾರು ತಿರುಗದೆ ನೇರಕ್ಕೆ ಜಾರುತ್ತದೆ. ಇದೇ ಅಂಡರ್‌ಸ್ಟಿಯರ್. ಹಿಂದಿನದನ್ನು ಗಟ್ಟಿ ಮಾಡಿದರೆ ಹಿಂಭಾಗ ಮೊದಲು ಜಾರಿ ಕಾರು ಗಿರಕಿ ಹೊಡೆಯಲು ನೋಡುತ್ತದೆ. ಅದು ಓವರ್‌ಸ್ಟಿಯರ್.

ಅಂದರೆ ಗಟ್ಟಿ ಮಾಡಿದ ತುದಿಯೇ ಹಿಡಿತ ಕಳೆದುಕೊಳ್ಳುತ್ತದೆ! ಫಾರ್ವರ್ಡ್ ಹೇಳಿದ್ದಕ್ಕೆ ಇದು ತದ್ವಿರುದ್ಧ.

ರೇಸ್ ಕಾರುಗಳು ಗಟ್ಟಿಯಾಗಿರುತ್ತವಲ್ಲ?

ಒಳ್ಳೆಯ ಪ್ರಶ್ನೆ. ಗಟ್ಟಿತನಕ್ಕೆ ತನ್ನದೇ ಲಾಭಗಳಿವೆ: ಸ್ಟೀರಿಂಗ್‌ಗೆ ಕಾರು ಬೇಗ ಸ್ಪಂದಿಸುತ್ತದೆ, ಟೈರ್ ವಿಪರೀತ ಓರೆಯಾಗುವುದು ತಪ್ಪುತ್ತದೆ. ಆದರೆ ಫಾರ್ಮುಲಾ 1 ಕಾರು ಅಷ್ಟೊಂದು ಗಟ್ಟಿಯಾಗಿರಲು ದೊಡ್ಡ ಕಾರಣ ಗಾಳಿ. 1970ರ ದಶಕದ ಕೊನೆಯಲ್ಲಿ ಲೋಟಸ್ ತಂಡ ಕಾರಿನ ಅಡಿಯಲ್ಲಿ ಹರಿಯುವ ಗಾಳಿಯಿಂದಲೇ ಕಾರನ್ನು ನೆಲಕ್ಕೆ ಎಳೆಯುವ ವಿನ್ಯಾಸ ತಂದಿತು. ಅದು ಕೆಲಸ ಮಾಡಬೇಕಾದರೆ ನೆಲದಿಂದ ಕಾರಿನ ಎತ್ತರ ಬದಲಾಗಬಾರದು, ಅದಕ್ಕೆ ಗಟ್ಟಿ ಸ್ಪ್ರಿಂಗ್ ಬೇಕು. 2022ರಲ್ಲಿ ಇಂಥದೇ ವಿನ್ಯಾಸ ಮರಳಿದಾಗ ಹಲವು ಕಾರುಗಳು ನೇರ ಹಾದಿಯಲ್ಲೇ ಕುಪ್ಪಳಿಸತೊಡಗಿದವು.

ಮಣ್ಣಿನ ಹಾದಿಯ ರ‍್ಯಾಲಿ ಕಾರನ್ನು ನೋಡಿ. ಅದೂ ರೇಸ್ ಕಾರೇ, ಆದರೆ ಅದರ ಸಸ್ಪೆನ್ಷನ್ ಎತ್ತರವಾಗಿದ್ದು, ಉಬ್ಬುತಗ್ಗಿಗೆ ತಕ್ಕಂತೆ ಉದ್ದಕ್ಕೆ ಚಲಿಸುತ್ತದೆ. ರಸ್ತೆ ಹೇಗೋ ಸಸ್ಪೆನ್ಷನ್ ಹಾಗೆ.

ಗೇಮ್‌ನಲ್ಲಿ ಸರಿಯಾಗಿ ಟ್ಯೂನ್ ಮಾಡುವುದು ಹೇಗೆ?

• ಮೊದಲು ಏನನ್ನೂ ಬದಲಿಸದೆ ಮೂರ್ನಾಲ್ಕು ಲ್ಯಾಪ್ ಓಡಿಸಿ. ಕಾರು ಎಲ್ಲಿ ತೊಂದರೆ ಕೊಡುತ್ತದೆ ಎಂದು ಗುರುತಿಸಿ.
• ತಿರುವಿನ ಮಧ್ಯದಲ್ಲಿ ನೇರಕ್ಕೆ ಜಾರಿದರೆ ಮುಂದಿನ ಆಂಟಿ-ರೋಲ್ ಬಾರ್ ಮೃದು ಮಾಡಿ, ಇಲ್ಲವೇ ಹಿಂದಿನದನ್ನು ಗಟ್ಟಿ ಮಾಡಿ. ಹಿಂಭಾಗ ಜಾರಿದರೆ ಇದರ ಉಲ್ಟಾ.
• ಟ್ರ್ಯಾಕ್ ಅಂಚಿನ ಕರ್ಬ್ ಮೇಲೆ ಕಾರು ಜಿಗಿದರೆ ಸ್ಪ್ರಿಂಗ್ ಮೃದು ಮಾಡಿ. ತಳ ಬಡಿದರೆ ಸ್ವಲ್ಪ ಎತ್ತರಿಸಿ.
• ಡ್ಯಾಂಪರ್ ಕೆಲಸ ಮಾಡುವುದು ಸಸ್ಪೆನ್ಷನ್ ಚಲಿಸುತ್ತಿರುವಾಗ ಮಾತ್ರ. ತಿರುವಿಗೆ ನುಗ್ಗುವಾಗ, ಹೊರಬರುವಾಗ ಅದರ ಪರಿಣಾಮ ಕಾಣುತ್ತದೆ.
• ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ.

ಬೇರೆಯವರ ಸ್ಕ್ರೀನ್‌ಶಾಟ್ ಆ ಕಾರಿಗೆ, ಆ ಟೈರ್‌ಗೆ, ಆ ಟ್ರ್ಯಾಕ್‌ಗೆ ಮಾಡಿದ್ದು. ಗೇಮ್ ಅಪ್‌ಡೇಟ್ ಆದರೆ ಅದೂ ಹಳತಾಗಬಹುದು.

ಗೇಮ್ ಸೂತ್ರವನ್ನು ನಿಜವಾದ ಕಾರಿಗೆ ಬಳಸಬಹುದೇ?

ಗೇಮ್‌ನಿಂದ ಏನೂ ಕಲಿಯಲಾಗದು ಎಂದು ನಾವು ಹೇಳುವುದಿಲ್ಲ. ನಿಸ್ಸಾನ್ ಮತ್ತು ಸೋನಿ ಸೇರಿ ನಡೆಸಿದ ಜಿಟಿ ಅಕಾಡೆಮಿಯನ್ನು 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಮುಂದೆ ನಿಜವಾದ ರೇಸರ್ ಆದರು. ಆದರೆ ಅವರು ಟ್ರ್ಯಾಕ್‌ಗೆ ಇಳಿದದ್ದು ನಿಜವಾದ ಕಾರಿನಲ್ಲಿ ತರಬೇತಿ ಪಡೆದ ಮೇಲೆ, ವೃತ್ತಿಪರ ಎಂಜಿನಿಯರ್‌ಗಳು ಸಿದ್ಧಪಡಿಸಿದ ಕಾರಿನಲ್ಲಿ.

ಗೇಮ್‌ನ ಟ್ರ್ಯಾಕ್ ನುಣುಪು. ನಮ್ಮ ದಾರಿಯಲ್ಲಿ ಹೊಂಡಗಳಿವೆ, ಬಣ್ಣ ಮಾಸಿದ ಹಂಪ್‌ಗಳಿವೆ, ಮಳೆಗಾಲದ ಕೆಸರಿದೆ. ಇಂಥಲ್ಲಿ ವಿಪರೀತ ಗಟ್ಟಿ ಸಸ್ಪೆನ್ಷನ್ ಇದ್ದರೆ ಟೈರ್ ಪದೇ ಪದೇ ನೆಲ ಬಿಟ್ಟು ಜಿಗಿಯುತ್ತದೆ. ಬ್ರೇಕ್ ಒತ್ತಿದ ಹೊತ್ತಿಗೇ ಹೀಗಾದರೆ ಕಾರು ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ.

ಕಡಿಮೆ ಖರ್ಚೆಂದು ಸ್ಪ್ರಿಂಗ್ ಕತ್ತರಿಸಿ ಕಾರು ಇಳಿಸುವುದು ಎಲ್ಲಕ್ಕಿಂತ ಅಪಾಯಕಾರಿ. ಐದು ಸುತ್ತಿನ ಸ್ಪ್ರಿಂಗ್‌ನಲ್ಲಿ ಒಂದು ಸುತ್ತು ತೆಗೆದರೆ ಅದು ಗಿಡ್ಡವಾಗುವುದಷ್ಟೇ ಅಲ್ಲ, ಶೇ 25ರಷ್ಟು ಹೆಚ್ಚು ಗಟ್ಟಿಯೂ ಆಗುತ್ತದೆ. ಹಳೆಯ ಡ್ಯಾಂಪರ್‌ಗೆ ಅದನ್ನು ನಿಯಂತ್ರಿಸಲು ಆಗದಿರಬಹುದು. ಕತ್ತರಿಸಿದ ತುದಿ ತನ್ನ ಜಾಗದಲ್ಲಿ ಸರಿಯಾಗಿ ಕೂರದೆ, ಚಕ್ರ ಹೊಂಡಕ್ಕೆ ಇಳಿದಾಗ ಸಡಿಲವಾಗಿ ಕಳಚಿಕೊಳ್ಳುವ ಸಾಧ್ಯತೆಯೂ ಇದೆ.

ಕಾನೂನೂ ಇದೆ. ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಎತ್ತಿಹಿಡಿದಿದೆ.

ಕೊನೆಯದಾಗಿ

‘ಗಟ್ಟಿ ಮಾಡಿದಷ್ಟೂ ಹಿಡಿತ’ ಎಂಬುದು ತಪ್ಪು. ‘ಕೆಳಗಿಳಿಸಿದಷ್ಟೂ ಒಳ್ಳೆಯದು’ ಎಂಬುದು ಅರ್ಧಸತ್ಯ. ಮುಂದಿನ ಮತ್ತು ಹಿಂದಿನ ಟೈರ್‌ಗಳ ನಡುವೆ ಸಮತೋಲನ ತರುವುದೇ ಟ್ಯೂನಿಂಗ್. ಗೇಮ್‌ನಲ್ಲಿ ಬೇಕಾದಷ್ಟು ಪ್ರಯೋಗ ಮಾಡಿ, ಕೆಟ್ಟರೆ ರೀಸೆಟ್ ಬಟನ್ ಇದೆ. ಮನೆಯ ಕಾರು ಜಾರುತ್ತಿದೆ, ಕುಪ್ಪಳಿಸುತ್ತಿದೆ ಎನ್ನಿಸಿದರೆ ಮೊದಲು ಟೈರ್‌ನ ಗಾಳಿ, ಟೈರ್‌ನ ಸವೆತ, ಶಾಕ್ ಅಬ್ಸಾರ್ಬರ್‌ನಿಂದ ಎಣ್ಣೆ ಸೋರಿಕೆ ಇವನ್ನು ಮೆಕ್ಯಾನಿಕ್ ಬಳಿ ನೋಡಿಸಿ. ‘ಮನೆಯ ಕಾರಿಗೂ ಇದೇ ಸೂತ್ರ’ ಎಂಬ ಫಾರ್ವರ್ಡ್ ಬಂದರೆ ಅದನ್ನು ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೆ ಈ ಲೆಕ್ಕ ತಿಳಿಸಿ.